ಒಂದೂವರೆ ಮತ್ತು ಮೂರು ವರ್ಷದ ಮಕ್ಕಳ ಜೊತೆ ಇಡೀ ದಿನ ಮನೆಯಲ್ಲಿ: ತಿಂಗಳಿಗೆ 500 ರೂಪಾಯಿಯೊಳಗೆ ಏನೇನು ಮಾಡಬಹುದು?

ಮೂರನೇ ಮಹಡಿ ಕೇಳಿದ್ದು:

ಬೆಂಗಳೂರಿನ ಬಾಡಿಗೆ ಮನೆ, ಎರಡು ರೂಮು, ಮೂರು ಹೆಜ್ಜೆಗೆ ಮುಗಿಯೋ ಬಾಲ್ಕನಿ. ತಾರಸಿಗೆ ಹೋಗಬಹುದು. ಚಿಕ್ಕದಕ್ಕೆ 18 ತಿಂಗಳು, ದೊಡ್ಡದಕ್ಕೆ ಮೂರು ತುಂಬಿದೆ. ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ನೋಡಿಕೊಳ್ಳೋರು ಒಬ್ಬರೇ, ಅಡುಗೆ ಬಟ್ಟೆ ಎಲ್ಲ ಅದರ ನಡುವೆಯೇ. ತಿಂಗಳಿಗೆ 500 ರೂಪಾಯಿ ದಾಟದ ಹಾಗೆ ಏನು ಮಾಡಬಹುದು? ಹೊತ್ತು ಹೋದರೆ ಸಾಲದು, ದೊಡ್ಡವರಿಗೂ ಸ್ವಲ್ಪ ಖುಷಿ ಇರಬೇಕು. ಕೇಳಬೇಕಾದ್ದು ಇಷ್ಟು:

– ಹತ್ತು ನಿಮಿಷ ಕೂತು ಜೋಡಿಸಿದ ಮೇಲೆ ಮಗು ಎರಡು ನಿಮಿಷ ಆಡಿ ಎದ್ದು ಹೋಗೋ ಆಟಗಳು ಬೇಡ. ವಿಡಿಯೋಗಳಲ್ಲಿ ತೋರಿಸೋದೆಲ್ಲ ಅಂಥವೇ.
– ಚಿಕ್ಕದು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತೆ. ಇಬ್ಬರಿಗೂ ಒಟ್ಟಿಗೆ ಆಗೋದು ಏನಿದೆ?
– ಮೈದಾ, ಉಪ್ಪು ಕಲಸಿ ಮಾಡೋ ಆಟದ ಹಿಟ್ಟು ಎರಡನೇ ದಿನಕ್ಕೇ ಅಂಟಂಟು. ಯಾಕೆ?
– ಸಂಜೆ ಐದರಿಂದ ಏಳು. ಟಿವಿ ಹಾಕದೆ ಆ ಹೊತ್ತು ದಾಟೋದು ಹೇಗೆ?
– ಬಸ್ಸಲ್ಲಿ ಹೋಗಿಬರೋ ಜಾಗಗಳು.

"ಆಟಿಕೆ ಬಾಡಿಗೆಗೆ ತಗೊಳ್ಳಿ, ತಿಂಗಳ ಬಾಕ್ಸ್ ತರಿಸಿ" ಅನ್ನೋ ಉತ್ತರ ದಯವಿಟ್ಟು ಬೇಡ.

---

ಒಗ್ಗರಣೆ ಡಬ್ಬಿ:

ಮೊದಲು ಒಂದು ಲೆಕ್ಕ. ಆಟಕ್ಕೆ ಎಷ್ಟು ದುಡ್ಡು ಅನ್ನೋದಕ್ಕಿಂತ ಜೋಡಿಸೋಕೆ ಎಷ್ಟು ಹೊತ್ತು, ಗುಡಿಸೋಕೆ ಎಷ್ಟು ಹೊತ್ತು ಅಂತ ನೋಡಿ. ಎರಡೂ ಸೇರಿ ಹತ್ತು ನಿಮಿಷ ದಾಟಿದರೆ ಆ ಆಟ ಮನೆಯಲ್ಲಿ ಒಬ್ಬರೇ ಇರೋರಿಗೆ ಅಲ್ಲ. ಗಲೀಜಾಗೋ ಆಟ ದಿನಕ್ಕೆ ಒಂದೇ ಇಟ್ಟುಕೊಳ್ಳಿ, ಅದೂ ಸ್ನಾನಕ್ಕೆ ಮುಂಚೆ.

ನೀರಿಗಿಂತ ಅಗ್ಗದ್ದು, ಹೆಚ್ಚು ಹೊತ್ತು ಹಿಡಿಯೋದು ಬೇರೆ ಇಲ್ಲ. ಬಚ್ಚಲಲ್ಲಿ ಅಥವಾ ಬಾಲ್ಕನಿಯಲ್ಲಿ ಅಗಲ ಬೇಸಿನ್ ಇಟ್ಟು ಒಂದೂವರೆ ಲೀಟರ್ ನೀರು ಹಾಕಿ, ಅಷ್ಟೇ. ಎರಡು ಸ್ಟೀಲ್ ಲೋಟ, ಒಂದು ಸೌಟು, ಟೀ ಸೋಸೋ ಜಾಲರಿ, ಒಂದು ದಪ್ಪ ಸ್ಪಂಜು. ಚಿಕ್ಕದಕ್ಕೆ ಸ್ಪಂಜು ಅದ್ದಿ ಹಿಂಡೋದೇ ದೊಡ್ಡ ಕೆಲಸ. ದೊಡ್ಡದಕ್ಕೆ ಒಂದು ಲೀಟರಿನ ಖಾಲಿ ಬಾಟಲಿಯ ಅಡಿಯಲ್ಲಿ ಕಾಸಿದ ದಬ್ಬಣದಿಂದ ಐದಾರು ತೂತು ಹಾಕಿಕೊಡಿ. ನೀರು ತುಂಬಿ ಮುಚ್ಚಳ ಬಿಗಿ ಮಾಡಿದರೆ ಸುರಿಯೋದು ನಿಲ್ಲುತ್ತೆ, ಸಡಿಲಿಸಿದರೆ ಮಳೆ. ಗಾಳಿ ಒಳಗೆ ಹೋಗದೆ ನೀರು ಹೊರಗೆ ಬರಲ್ಲ, ಅಷ್ಟೇ ಗುಟ್ಟು. ತೂತು ಎರಡು ಮಿಲಿಮೀಟರಿಗಿಂತ ದೊಡ್ಡದಾದರೆ ಈ ಚಮತ್ಕಾರ ನಡೆಯಲ್ಲ. ತೆಳು ಬಾಟಲಿ ಆದರೆ ಮಗು ಒತ್ತಿದಾಗಲೂ ಸುರಿಯುತ್ತೆ, ಹಾಗಾಗಿ ಗಟ್ಟಿ ಬಾಟಲಿ ನೋಡಿ. ಮುಗಿದ ಮೇಲೆ ಅದೇ ನೀರು ಗಿಡಕ್ಕೆ.

ಬಕೆಟ್ ಮಾತ್ರ ಕೊಡಬೇಡಿ. ಒಂದೂವರೆ ವರ್ಷದ ಮಗುವಿಗೆ ತಲೆ ಭಾರ, ಬಗ್ಗಿದರೆ ತಲೆಕೆಳಗಾಗಿ ಒಳಗೆ ಬೀಳುತ್ತೆ, ಎದ್ದೇಳೋಕೆ ಬರಲ್ಲ. ನಾಲ್ಕೈದು ಸೆಂಟಿಮೀಟರ್ ನೀರು ಸಾಕು ಅನಾಹುತಕ್ಕೆ. ಕೈಗೆಟುಕೋ ದೂರದಲ್ಲೇ ಕೂತಿರಿ. ಬಾಗಿಲು ಬಡಿದರೆ ಮಗುವನ್ನ ಎತ್ತಿಕೊಂಡೇ ಹೋಗಿ.

ತಾರಸಿ ಇದೆ ಅಂದಿರಿ. ಪೇಂಟ್ ಅಂಗಡಿಯಲ್ಲಿ ಎರಡು ಇಂಚಿನ ಬ್ರಷ್ ಎರಡು ತನ್ನಿ, ಅರ್ಧ ಮಗ್ಗು ನೀರು ಕೊಡಿ. ಬಿಸಿಲು ಬಿದ್ದ ಸಿಮೆಂಟ್ ಗೋಡೆಗೆ ನೀರು ಬಳಿದರೆ ಕಪ್ಪಗೆ ಕಾಣುತ್ತೆ, ಐದು ನಿಮಿಷಕ್ಕೆ ಒಣಗಿ ಮಾಯ, ಮತ್ತೆ ಬಳಿಯೋದು. ಗುಡಿಸೋ ಕೆಲಸ ಸೊನ್ನೆ. ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಅಥವಾ ನಾಲ್ಕೂವರೆ ಮೇಲೆ ಮಾಡಿ, ನಡುಮಧ್ಯಾಹ್ನ ನೆಲ ಕಾದು ಅಂಗಾಲು ಸುಡುತ್ತೆ. ಬ್ರಷ್ಷಿನ ಕೂದಲು ಉದುರಿದರೆ ಎಸೆಯಿರಿ. ಪ್ಯಾರಾಪೆಟ್ ಹತ್ತಿರ ಕುರ್ಚಿ, ಕುಂಡ, ಕಲ್ಲು ಏನೂ ಇರಬಾರದು, ಏಣಿ ಮಾಡಿಕೊಳ್ಳುತ್ತವೆ.

ಇನ್ನು ಹಿಟ್ಟು. ಹಸಿ ಮೈದಾಕ್ಕೆ ಉಪ್ಪು, ನೀರು ಹಾಕಿ ಕಲಸಿದರೆ ಅಂಟಾಗಲೇಬೇಕು. ಬೇಯದ ಮೈದಾ ನೀರನ್ನ ಹಿಡಿದಿಟ್ಟುಕೊಳ್ಳಲ್ಲ, ಜೊತೆಗೆ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತೆ. ಮಳೆಗಾಲದಲ್ಲಂತೂ ಕೇಳೋದೇ ಬೇಡ. ಬೇಯಿಸಿ ಮಾಡಿ:

ಮೈದಾ 1 ಲೋಟ, ಪುಡಿ ಉಪ್ಪು ಅರ್ಧ ಲೋಟ, ನೀರು 1 ಲೋಟ, ಎಣ್ಣೆ 1 ದೊಡ್ಡ ಚಮಚ, ನಿಂಬೆರಸ 1 ದೊಡ್ಡ ಚಮಚ. ಒಲೆ ಹಚ್ಚೋಕೆ ಮುಂಚೆ ಎಲ್ಲವನ್ನೂ ದಪ್ಪ ತಳದ ಪಾತ್ರೆಯಲ್ಲಿ ಗಂಟಿಲ್ಲದ ಹಾಗೆ ಕಲಸಿ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈ ಬಿಡದೆ ತಿರುವಿ. ಮೊದಲು ದೋಸೆ ಹಿಟ್ಟಿನ ಹಾಗೆ, ಆಮೇಲೆ ಗಂಟು ಗಂಟು, ಕೊನೆಗೆ ಇದ್ದಕ್ಕಿದ್ದ ಹಾಗೆ ತಳ ಬಿಟ್ಟು ಉಂಡೆ ಕಟ್ಟುತ್ತೆ. ಅಲ್ಲಿಗೆ ಇಳಿಸಿ. ಗಂಟಾಯಿತು ಅಂತ ನಡುವೆಯೇ ಇಳಿಸೋದೇ ಎಲ್ಲರೂ ಮಾಡೋ ತಪ್ಪು. ಕೈ ತಾಳುವಷ್ಟು ಬಿಸಿ ಇರುವಾಗಲೇ ಎರಡು ನಿಮಿಷ ನಾದಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ, ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕೂತು ಮತ್ತೆ ಅಂಟಾಗುತ್ತೆ. ಕಲ್ಲುಪ್ಪು ಬೇಡ, ಕರಗದೆ ಕೈಗೆ ಚುಚ್ಚುತ್ತೆ. ಖರ್ಚು ಇಪ್ಪತ್ತು ರೂಪಾಯಿ ಒಳಗೆ, ಮೂರು ವಾರ ಬರುತ್ತೆ. ಹುಳಿ ವಾಸನೆ ಬಂದರೆ ಅಥವಾ ಬಿಳಿ ಚುಕ್ಕೆ ಕಂಡರೆ ಎಸೆಯಿರಿ.

ಇದು ದೊಡ್ಡದಕ್ಕೆ. ಚಿಕ್ಕದಕ್ಕೆ ಈ ಉಪ್ಪಿನ ಹಿಟ್ಟು ಬೇಡವೇ ಬೇಡ, ಒಂದು ತುತ್ತು ನುಂಗಿದರೂ ಉಪ್ಪು ಅತಿಯಾಗುತ್ತೆ. ಅದಕ್ಕೆ ಅಕ್ಕಿರೊಟ್ಟಿಗೆ ಉಕ್ಕರಿಸೋ ಹಿಟ್ಟೇ ಸರಿ: ಒಂದು ಲೋಟ ನೀರು ಕುದಿಸಿ, ಒಂದು ಲೋಟ ಅಕ್ಕಿಹಿಟ್ಟು ಸುರಿದು, ಮುಚ್ಚಿ, ಒಲೆ ಆರಿಸಿ. ಹತ್ತು ನಿಮಿಷ ಬಿಟ್ಟು ಚೆನ್ನಾಗಿ ನಾದಿ. ಉಪ್ಪಿಲ್ಲ, ಬೆಂದಿದೆ, ತಿಂದರೆ ತಿನ್ನಲಿ. ನೀರಿನ ಬದಲು ಬೀಟ್‌ರೂಟ್ ಬೇಯಿಸಿದ ನೀರು ಹಾಕಿದರೆ ಬಣ್ಣವೂ ಬಂತು. ಅವತ್ತಿಗೆ ಮಾತ್ರ, ನಾಳೆಗೆ ಇಡೋ ಹಾಗಿಲ್ಲ. ಮುದ್ದೆ ಮಾಡೋ ಮನೆಯಾದರೆ ಇನ್ನೂ ಸುಲಭ, ಒಂದು ಸಣ್ಣ ಮುದ್ದೆ ತೆಗೆದಿಟ್ಟು ಆರಿದ ಮೇಲೆ ತುಪ್ಪ ಸವರಿ ಕೊಡಿ.

ಒಣ ಆಟಕ್ಕೆ ಹಳೇ ಬೆಡ್‌ಶೀಟ್ ಹಾಸಿ, ಮೊರದಲ್ಲಿ ಒಂದು ಕಿಲೋ ರಾಗಿನೋ ಹೆಸರುಕಾಳೋ ಅವರೆಕಾಳೋ ಹಾಕಿ, ಚಮಚ, ಡಬ್ಬಿ, ಲೋಟ ಕೊಡಿ. ಮುಗಿದ ಮೇಲೆ ಬೆಡ್‌ಶೀಟಿನ ನಾಲ್ಕು ಮೂಲೆ ಎತ್ತಿ ಡಬ್ಬಿಗೆ ಸುರಿಯೋದು. ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿದರೆ ಹುಳ ಬೀಳಲ್ಲ.

---

ಇಬ್ಬನಿ:

ಮೇಲಿನ ಉತ್ತರದಲ್ಲಿ ಕಡೇ ಪ್ಯಾರಾ ಒಂದನ್ನ ಬಿಟ್ಟು ಮಿಕ್ಕಿದ್ದಕ್ಕೆ ನನ್ನ ಒಪ್ಪಿಗೆ ಇದೆ. 18 ತಿಂಗಳ ಮಗು ಇರೋ ಕೋಣೆಯಲ್ಲಿ ಹೆಸರುಕಾಳು, ಅವರೆ, ಕಡಲೆ, ಬಟಾಣಿ, ಕಡಲೆಕಾಯಿ ಬೀಜ ಆಟಕ್ಕೆ ಬೇಡ. ಬಾಯಿಗೆ ಮಾತ್ರ ಅಲ್ಲ, ಮೂಗಿಗೂ ಕಿವಿಗೂ ತೂರಿಸಿಕೊಳ್ಳುತ್ತವೆ. ಕಾಳು ಒಳಗಿನ ತೇವಕ್ಕೆ ನೆನೆದು ಉಬ್ಬುತ್ತೆ, ಹೊರಗೆ ತೆಗೆಯೋದು ಕಷ್ಟವಾಗುತ್ತೆ. ಶ್ವಾಸನಾಳಕ್ಕೆ ಹೋದ ಕಡಲೆಕಾಯಿ ಬೀಜದ ಕೇಸು ಮಕ್ಕಳ ಡಾಕ್ಟರಿಗೆ ಹೊಸದಲ್ಲ. ಮೂಗಿಗೆ ಹೋದರೆ ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ, ಇನ್ನೂ ಒಳಗೆ ಹೋಗುತ್ತೆ. ನೇರ ಇಎನ್‌ಟಿ ಡಾಕ್ಟರ ಹತ್ತಿರ.

ಕಾಳಿನ ಬದಲು ರವೆ. ಒಂದು ಕಿಲೋ ದಪ್ಪ ರವೆಯನ್ನ ಬೆಚ್ಚಗೆ ಹುರಿದಿಡಿ, ಹುಳ ಬೀಳಲ್ಲ, ನೆಕ್ಕಿದರೂ ತೊಂದರೆಯಿಲ್ಲ. ಮೈದಾ, ಕಾರ್ನ್‌ಫ್ಲೋರ್, ಟಾಲ್ಕಂ ಪೌಡರಿನ ಹಾಗೆ ಧೂಳೆದ್ದು ಉಸಿರಿಗೆ ಹೋಗಲ್ಲ. ರಾಗಿ ಮೂರು ತುಂಬಿದ ಮೇಲೆ, ಚಿಕ್ಕದು ಮಲಗಿರುವಾಗ.

ಯಾವ ಸಾಮಾನು ಕೊಡಬಹುದು ಅಂತ ಅಳೆಯೋಕೆ ಒಂದು ಕೊಳವೆ ಮಾಡಿಟ್ಟುಕೊಳ್ಳಿ. ರಟ್ಟು ಸುತ್ತಿ ಒಳ ಅಗಲ 3.2 ಸೆಂಟಿಮೀಟರ್, ಎತ್ತರ 5.7 ಸೆಂಟಿಮೀಟರ್. ಆಟಿಕೆ ಪರೀಕ್ಷೆಯ ಪ್ರಮಾಣಿತ ಕೊಳವೆಯ ಅಳತೆಯೂ ಹೆಚ್ಚುಕಮ್ಮಿ ಇಷ್ಟೇ. ಇದರೊಳಗೆ ಪೂರ್ತಿ ಇಳಿಯೋದು ಏನಿದ್ದರೂ ಮೂರು ವರ್ಷದೊಳಗಿನ ಮಗುವಿಗೆ ಬೇಡ. ಹತ್ತು ರೂಪಾಯಿ ನಾಣ್ಯದ ಅಗಲ 2.7 ಸೆಂಟಿಮೀಟರ್, ಸಲೀಸಾಗಿ ಇಳಿಯುತ್ತೆ. ಚೆಂಡಿಗೆ ಇನ್ನೂ ಬಿಗಿ ಲೆಕ್ಕ: ನಾಲ್ಕೂವರೆ ಸೆಂಟಿಮೀಟರಿಗಿಂತ ಸಣ್ಣದು ಬೇಡ. ಅಂದರೆ ನಾಲ್ಕು ಸೆಂಟಿಮೀಟರಿನ ಟೇಬಲ್ ಟೆನ್ನಿಸ್ ಚೆಂಡು ಸಲ್ಲ, ಟೆನ್ನಿಸ್ ಚೆಂಡು ಸರಿ. ಊದದ ಬಲೂನು, ಒಡೆದ ಬಲೂನಿನ ಚೂರು ಎರಡೂ ಅಪಾಯ.

ಎಲ್ಲಕ್ಕಿಂತ ಕೆಟ್ಟದ್ದು ಗುಂಡಿಯಂಥ ಬ್ಯಾಟರಿ. ರಿಮೋಟು, ತೂಕದ ಯಂತ್ರ, ಲೈಟು ಬೆಳಗೋ ಜಾತ್ರೆ ಆಟಿಕೆ, ಹಾಡೋ ಪುಸ್ತಕ, ಎಲ್ಲದರಲ್ಲೂ ಇರುತ್ತೆ. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಹುದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದು ಮನೆಯಲ್ಲಿ ಇರಬಾರದು. ನುಂಗಿದ ಅನುಮಾನ ಬಂದರೂ ಸಾಕು, ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಬೀರುವಿನ ನುಸಿಗುಳಿಗೆಯೂ ಮಕ್ಕಳ ಕಣ್ಣಿಗೆ ಪೆಪ್ಪರ್‌ಮಿಂಟ್, ಅದನ್ನೂ ಎತ್ತಿಡಿ.

ಗಂಟಲಲ್ಲಿ ಏನಾದರೂ ಸಿಕ್ಕಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲಿ ಬಿಡಿ. ಸದ್ದೇ ಬರದಿದ್ದರೆ, ಒಂದು ವರ್ಷ ದಾಟಿದ ಮಗುವಿಗೆ: ಮುಂದಕ್ಕೆ ಬಗ್ಗಿಸಿ ಬೆನ್ನಿನ ಮೇಲ್ಭಾಗ, ಎರಡು ಹೆಗಲೆಲುಬಿನ ನಡುವೆ, ಅಂಗೈಯ ಬುಡದಿಂದ ಐದು ಪೆಟ್ಟು. ಬರಲಿಲ್ಲವಾದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೆ, ಮೇಲಕ್ಕೆ ಐದು ಸಲ ಒತ್ತಿ. ಹೀಗೆ ಒಂದಾದ ಮೇಲೊಂದು ಮಾಡುತ್ತಿರಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ. ಕಾಣದ್ದನ್ನ ಬೆರಳು ಹಾಕಿ ತಡಕಬೇಡಿ.

ಬಣ್ಣದ ಬಗ್ಗೆಯೂ ಒಂದು ಮಾತು. ಅಂಗಡಿಯ ರಂಗೋಲಿ ಪುಡಿ ಅಂದರೆ ಕಲ್ಲಿನ ಪುಡಿ, ಕಣ್ಣಿಗೂ ಉಸಿರಿಗೂ ಆಗಲ್ಲ. ಕುಂಕುಮವನ್ನೂ ಕೊಡಬೇಡಿ. ಬೆರಳಿನಿಂದ ಬಳಿಯೋ ಬಣ್ಣಕ್ಕೆ ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್ ಒಂದು ಲೋಟ ತಣ್ಣೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಕಾಯಿಸಿ, ಆರಿಸಿ ಮೂರು ಬಟ್ಟಲಿಗೆ ಹಂಚಿ: ಒಂದಕ್ಕೆ ಚಿಟಿಕೆ ಅರಿಶಿನ, ಒಂದಕ್ಕೆ ಬೀಟ್‌ರೂಟ್ ರಸ, ಒಂದಕ್ಕೆ ಪಾಲಕ್ ರುಬ್ಬಿ ಸೋಸಿದ ನೀರು. ಬಿಸಿನೀರಿಗೆ ಹಿಟ್ಟು ಹಾಕಿದರೆ ಗಂಟಾಗುತ್ತೆ. ಹಳದಿ ಬಣ್ಣದ ಮೆಕ್ಕೆಜೋಳದ ಹಿಟ್ಟು ತಂದರೆ ಹದವೇ ಬರಲ್ಲ, ಕಸ್ಟರ್ಡ್‌ಗೆ ಹಾಕೋ ಬಿಳಿ ಕಾರ್ನ್‌ಫ್ಲೋರೇ ಬೇಕು. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತೆ.

---

ಧಾರವಾಡ ಮಳಿ:

ಸಂಜಿ ಐದರಿಂದ ಏಳರ ಬಗ್ಗೆ ಯಾರೂ ಹೇಳಿಲ್ಲ, ಅದನ್ನ ಹೇಳ್ತೀನಿ. ಆ ಹೊತ್ತಿಗೆ ಹುಡುಗರು ಯಾಕ ರಂಪ ಮಾಡ್ತಾವ ಅಂದ್ರ ಹೊಟ್ಟಿ ಹಸದಿರ್ತದ, ದಣದಿರ್ತಾವ, ದೊಡ್ಡವರು ಒಲಿ ಮುಂದ ನಿಂತಿರ್ತಾರ. ಮೂರೂ ಒಮ್ಮೆಲೇ. ಹಂಗಾಗಿ ರಾತ್ರಿ ಪಲ್ಯಾ, ಸಾರು ಮಧ್ಯಾಹ್ನನ ಮಾಡಿ ಇಡ್ರಿ, ಸಂಜಿಗೆ ಬಿಸಿ ಅನ್ನ ಅಥವಾ ರೊಟ್ಟಿ ಅಷ್ಟ. ನಾಲ್ಕೂವರಿಗೆ ಖರೇನ ಹೊಟ್ಟಿ ತುಂಬೋ ಹಂಗ ಏನರ ಕೊಡ್ರಿ: ತೆಳು ಅವಲಕ್ಕಿ ಮೊಸರು, ಬಾಳೆಹಣ್ಣು, ಮೆತ್ತಗ ಬೇಯಿಸಿದ ಗೆಣಸು. ಬಿಸ್ಕೀಟು ಕೊಟ್ರ ಆರಕ್ಕ ಮತ್ತ ಅಳು ಶುರು.

ಆಮ್ಯಾಲ ಭಾರದ ಕೆಲಸ. ಇದನ್ನ ಮಂದಿ ಮರೀತಾರ. ಓಡೋದಕ್ಕಿಂತ ಎಳಿಯೋದು, ತಳ್ಳೋದು, ಹೊರೋದು ಹುಡುಗರನ್ನ ತಣ್ಣಗ ಮಾಡ್ತದ. ರಟ್ಟಿನ ಡಬ್ಬಿಯೊಳಗ ಎರಡು ಮೂರು ಕಿಲೋ ಅಕ್ಕಿ ಚೀಲ ಇಟ್ಟು ಈ ಗ್ವಾಡಿಯಿಂದ ಆ ಗ್ವಾಡಿಗೆ ದಬ್ಬೂದು. ಹಳೇ ಚಾದರದ ಮ್ಯಾಲ ಸಣ್ಣದನ್ನ ಕೂಡ್ರಿಸಿ ದೊಡ್ಡದು ಜಗ್ಗೂದು. ನೆಲ ಜಾರೂದಿದ್ರ ಸಾಕ್ಸ್ ತೆಗೀರಿ, ಬರಿಗಾಲಲ್ಲೇ ಆಡ್ಲಿ. ಅರ್ಧ ಲೀಟರ್ ನೀರಿನ ಬಾಟ್ಲಿ ಎರಡು ಕೈಯಾಗ ಕೊಟ್ಟು ಗಿಡಕ್ಕ ಹಾಕಿ ಬಾ ಅಂದ್ರ ಹತ್ತು ಸಲ ಓಡ್ಯಾಡ್ತಾವ. ರಟ್ಟಿನ ಡಬ್ಬಿ ಕಿರಾಣಿ ಅಂಗಡ್ಯಾಗ ಕೇಳಿದ್ರ ಕೊಡ್ತಾರ, ಆದ್ರ ಹಣ್ಣಿನ ಡಬ್ಬಿಗೆ ತಾಮ್ರದ ಬಣ್ಣದ ಪಿನ್ನು ಹೊಡದಿರ್ತಾರ, ಇಕ್ಕಳದಿಂದ ಎಲ್ಲಾ ಕಿತ್ತೇ ಕೊಡ್ರಿ.

ಒಂದು ಇಂಚಿನ ಮಾಸ್ಕಿಂಗ್ ಟೇಪು ತಗೋರಿ, ಒಂದು ಸುರುಳಿ ತಿಂಗಳು ಬರ್ತದ. ನೆಲಕ್ಕ ಅಂಕುಡೊಂಕು ಗೆರಿ ಹಾಕಿ ಅದರ ಮ್ಯಾಲ ನಡಿಯೂದು. ಒಂದು ದುಂಡ ಮಾಡಿದ್ರ ಕೆರಿ–ದಡ ಆಟಕ್ಕಾತು: ಕೆರಿ ಅಂದ್ರ ಒಳಗ ಜಿಗಿ, ದಡ ಅಂದ್ರ ಹೊರಗ. ಮೂರು ವರ್ಷದ್ದು ನಿಯಮ ಹಿಡೀತದ, ಸಣ್ಣದು ಸುಮ್ಮನ ಜಿಗೀತದ, ಇಬ್ಬರಿಗೂ ಖುಷಿ. ಟೇಪಿನ ಅಂಟು ಬದಿ ಹೊರಗ ಮಾಡಿ ಎರಡು ಕುರ್ಚಿ ನಡುವ ಜಾಳಿಗಿ ಕಟ್ಟಿದ್ರ ಕಾಗದದ ಉಂಡಿ ಒಗದು ಅಂಟಸಬಹುದು. ಎರಡು ದಿನದ ಮ್ಯಾಲ ನೆಲದಾಗ ಬಿಡಬ್ಯಾಡ್ರಿ, ಅಂಟು ಉಳೀತದ. ಉಳದ್ರ ಕೊಬ್ಬರಿ ಎಣ್ಣಿ ಹಚ್ಚಿ ಹತ್ತು ನಿಮಿಷ ಬಿಟ್ಟು ಒರಸ್ರಿ.

ಕೂತು ಮಾಡೂದಕ್ಕ ಎರಡು. ಒಂದು ಕಿಲೋ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳಕ್ಕ ಏಳು ಸೆಂಟಿಮೀಟರ್ ಉದ್ದದ ಸೀಳು ಹಾಕಿ, ರಟ್ಟಿನಾಗ ಆರು ಸೆಂಟಿಮೀಟರಿನ ಬಿಲ್ಲಿ ಕತ್ತರಿಸಿ ಕೊಡ್ರಿ. ಒಳಗ ಹಾಕೂದು, ತಗಿಯೂದು. ಸೀಳಿನ ಅಂಚಿಗೆ ಟೇಪ್ ಸುತ್ತಲಿಲ್ಲ ಅಂದ್ರ ಬೆರಳಿಗೆ ತರಚ್ತದ. ಇನ್ನೊಂದು, ಲೋಹದ ಹಳೇ ಬಳಿ. ಎರಡು–ನಾಲ್ಕು, ಎರಡು–ಆರು ಅಳತಿ ಬಳಿ ಸುಮಾರು ಆರು ಸೆಂಟಿಮೀಟರ್ ಅಗಲ ಇರ್ತಾವ, ಗಂಟಲಿಗೆ ಹೋಗೂ ಭಯ ಇಲ್ಲ. ಡಬ್ಬಿಗೆ ಮರಳು ತುಂಬಿ ನಡುವ ದಪ್ಪ ಲಟ್ಟಣಿಗಿ ನಿಲ್ಲಿಸಿ, ಬಾಯಿಗೆ ಬಟ್ಟಿ ಕಟ್ಟಿ, ಬಳಿ ಏರಸೂದು. ಗಾಜಿನ ಬಳಿ ಬ್ಯಾಡ.

ಟಿವಿ ವಿಷಯಕ್ಕ: ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳಿದ್ದು, ಎರಡು ವರ್ಷದ ಒಳಗ ಸ್ಕ್ರೀನು ಬ್ಯಾಡ, ಎರಡರಿಂದ ನಾಲ್ಕಕ್ಕ ದಿನಕ್ಕ ಒಂದು ತಾಸಿನ ಒಳಗ. ಓಡಾಟ ಮಾತ್ರ ದಿನಕ್ಕ 180 ನಿಮಿಷ ಬೇಕು ಅಂತದ. ಅಜ್ಜಿ ತಾತನ ಜೋಡಿ ವಿಡಿಯೋ ಕಾಲ್ ಇದರಾಗ ಲೆಕ್ಕಿಲ್ಲ ಅಂತ ನಮ್ಮ ಮಕ್ಕಳ ಡಾಕ್ಟರು ಹೇಳ್ತಾರ, ಅದಕ್ಕ ಆರು ಗಂಟಿಗೆ ಒಂದು ಫೋನ್ ಇಟ್ಕೋರಿ, ನಿಮಗೂ ಹತ್ತು ನಿಮಿಷ ಕೂಡೂದಾಗ್ತದ.

ಆಟಿಗಿ ಇದ್ದಷ್ಟನ್ನೂ ಹರವಿ ಇಡಬ್ಯಾಡ್ರಿ. ಮೂರು ಪಾಲು ಮಾಡಿ ಎರಡನ್ನ ಅಟ್ಟಕ್ಕ ಹಾಕ್ರಿ, ವಾರಕ್ಕೊಮ್ಮೆ ಬದಲಸ್ರಿ. ಅಮೆರಿಕಾದ ಟೊಲೆಡೊ ವಿಶ್ವವಿದ್ಯಾಲಯದವರು 2018ರಾಗ 36 ಸಣ್ಣ ಮಕ್ಕಳ ಮ್ಯಾಲ ಇದನ್ನ ನೋಡ್ಯಾರ: 16 ಆಟಿಗಿ ಇಟ್ಟಾಗಿಗಿಂತ ನಾಲ್ಕು ಇಟ್ಟಾಗ ಒಂದೊಂದರ ಜೋಡಿ ಹೆಚ್ಚು ಹೊತ್ತು ಆಡಿದ್ವು.

---

ಮೂರನೇ ಮಹಡಿ:

ತುಂಬಾ ಉಪಯೋಗ ಆಯ್ತು. ಮೂರು ಅನುಮಾನ. ಉಕ್ಕರಿಸಿದ ಅಕ್ಕಿಹಿಟ್ಟು ಒಂದು ಗಂಟೆಗೆ ಬಿರುಕು ಬಿಟ್ಟು ಉದುರುತ್ತಲ್ಲ, ಎಣ್ಣೆ ಹಾಕಬೇಕಾ? ಅರಿಶಿನದ ಕಲೆ ಬಟ್ಟೆಯಿಂದ ಹೋಗುತ್ತಾ? ಅಡುಗೆ ಹೊತ್ತಲ್ಲಿ ಇವರನ್ನ ಎಲ್ಲಿ ಕೂರಿಸೋದು?

---

ಒಗ್ಗರಣೆ ಡಬ್ಬಿ:

ಇಬ್ಬನಿ ಅವರು ಹೇಳಿದ್ದು ಸರಿ. ಕಾಳಿನ ಮಾತು ವಾಪಸ್ ತಗೊಂಡೆ, ರವೆಯೇ ಇರಲಿ.

ಅಕ್ಕಿಹಿಟ್ಟಿಗೆ ಎಣ್ಣೆ ಹಾಕಬೇಡಿ, ಜಿಡ್ಡಾಗುತ್ತೆ, ಬಿರುಕು ಹಾಗೇ ಇರುತ್ತೆ. ಬೆಂದ ಅಕ್ಕಿಹಿಟ್ಟು ಆರಿದ ಹಾಗೆ ಬಿರುಸಾಗೋದು ಅದರ ಗುಣ, ತಣ್ಣನ್ನ ಗಟ್ಟಿಯಾಗೋ ಥರಾನೇ. ಒದ್ದೆ ಬಟ್ಟೆ ಮುಚ್ಚಿಡಿ, ಬೇಕಾದಷ್ಟೇ ಒಡೆದು ಕೊಡಿ. ಗಟ್ಟಿಯಾದದ್ದನ್ನ ಇಡ್ಲಿ ಪಾತ್ರೆಯಲ್ಲಿ ಮೂರು ನಿಮಿಷ ಹಬೆಗಿಟ್ಟು ನಾದಿದರೆ ಮತ್ತೆ ಮೆತ್ತಗೆ. ಮೊದಲೇ ಬಿರುಕು ಬಿಟ್ಟರೆ ನೀರು ಸರಿಯಾಗಿ ಕುದಿದಿಲ್ಲ, ಅಥವಾ ಹಿಟ್ಟು ಹಳೇದು ಅಂತ.

ಅರಿಶಿನದ ಕಲೆಗೆ ಸೋಪು ಹಚ್ಚಿದ ಕೂಡಲೇ ಕೆಂಪಾಗುತ್ತೆ, ಹೆದರಬೇಡಿ, ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪು ತಿರುಗೋದು. (ಮೂರು ವರ್ಷದ್ದಕ್ಕೆ ಇದನ್ನೇ ಒಂದು ಆಟ ಮಾಡಿ: ಅರಿಶಿನ ನೀರು ಸವರಿದ ಕಾಗದದ ಮೇಲೆ ಸೋಪಿನ ನೀರಲ್ಲಿ ಅದ್ದಿದ ಬ್ರಷ್ಷಿನಿಂದ ಗೆರೆ.) ಚೆನ್ನಾಗಿ ಜಾಲಾಡಿಸಿ ನೇರ ಬಿಸಿಲಿಗೆ ಹಾಕಿ, ಬೆಳಕಿಗೆ ಅರಿಶಿನದ ಬಣ್ಣ ನಿಲ್ಲಲ್ಲ, ಒಂದೆರಡು ದಿನಕ್ಕೆ ಮಂಕಾಗುತ್ತೆ. ಟೈಲ್ಸಿನ ಸಂದಿಗೆ ಇಳಿದರೆ ಮಾತ್ರ ಉಳಿದುಬಿಡುತ್ತೆ, ಪೇಪರ್ ಹಾಸಿಯೇ ಕೂರಿಸಿ.

ಅಡುಗೆ ಹೊತ್ತಲ್ಲಿ ಬೇರೆ ಆಟ ಹುಡುಕಬೇಡಿ, ಅಡುಗೆಯಲ್ಲೇ ಕೆಲಸ ಕೊಡಿ. ನೀವೂ ನೆಲದ ಮೇಲೆ ಕೂತು ಹೆಚ್ಚಿಕೊಳ್ಳಿ, ಈಳಿಗೆ ಮಣೆ ಬೇಡ, ಚಾಕು ನಿಮ್ಮ ಕೈಯಲ್ಲೇ ಇರಲಿ. ದೊಡ್ಡದಕ್ಕೆ ಮೆಂತ್ಯ ಸೊಪ್ಪು, ಹರಿವೆ ಸೊಪ್ಪು ಬಿಡಿಸೋದು, ಕರಿಬೇವು ಕಡ್ಡಿಯಿಂದ ಎಳೆಯೋದು, ಬೇಯಿಸಿ ಆರಿಸಿದ ಆಲೂಗೆಡ್ಡೆ ಸಿಪ್ಪೆ ಸುಲಿಯೋದು. ಒಂದು ಕಟ್ಟು ಸೊಪ್ಪಿಗೆ ಇಪ್ಪತ್ತು ನಿಮಿಷ ಆರಾಮಾಗಿ ಹೋಗುತ್ತೆ. ಅರ್ಧ ಬರೀ ಕಡ್ಡಿಯೇ ಬರುತ್ತೆ, ಬರಲಿ. ಚಿಕ್ಕದಕ್ಕೆ ಈರುಳ್ಳಿಯ ಒಣ ಸಿಪ್ಪೆ ಬುಟ್ಟಿಗೆ ಹಾಕೋ ಕೆಲಸ, ಟೊಮೆಟೊ ಒಂದೊಂದಾಗಿ ಬಟ್ಟಲಿಂದ ಬಟ್ಟಲಿಗೆ ದಾಟಿಸೋದು. ಬೆಳ್ಳುಳ್ಳಿ, ಹಸಿಮೆಣಸು ಬೇಡ, ಅದೇ ಕೈ ಕಣ್ಣಿಗೆ ಹೋಗುತ್ತೆ. ಅವರೆಕಾಯಿ ಸುಲಿಯೋದೂ ಸದ್ಯಕ್ಕೆ ಬೇಡ, ಕಾರಣ ಮೇಲೆ ಬಂದಿದೆ. ಒಲೆಯಲ್ಲಿರೋ ಪಾತ್ರೆಯ ಹಿಡಿ ಗೋಡೆ ಕಡೆ ತಿರುಗಿರಲಿ.

ಮೆಂತ್ಯ ಕಾಳನ್ನ ಒಂದು ರಾತ್ರಿ ನೆನೆಸಿ, ಅಡಿಗೆ ತೂತು ಹಾಕಿದ ಡಬ್ಬಿಯಲ್ಲಿ ಎರಡು ಇಂಚು ಮಣ್ಣು ಹಾಕಿ ಉದುರಿಸಿ, ತೆಳುವಾಗಿ ಮಣ್ಣು ಮುಚ್ಚಿ. ಮೂರರಿಂದ ಐದು ದಿನಕ್ಕೆ ಮೊಳಕೆ. ನೀರು ಹಾಕೋದು ಮಕ್ಕಳ ಕೆಲಸ ಆದರೆ ಕೊಳೆಯೋದು ಗ್ಯಾರಂಟಿ, ಅದಕ್ಕೇ ಲೋಟ ಕೊಡದೆ ಸ್ಪ್ರೇ ಬಾಟಲಿ ಕೊಡಿ.

---

ಕಿಟಕಿ ಸೀಟು:

ಹೊರಗಡೆ ಜಾಗಗಳ ಬಗ್ಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೆಟ್ ಉಚಿತ. ಅಮ್ಮ, ಅಜ್ಜಿ, ಅತ್ತೆ ಯಾರು ಕರೆದುಕೊಂಡು ಹೋದರೂ ಗುರುತಿನ ಚೀಟಿ ಇದ್ದರೆ ಸಾಕು. ಅಪ್ಪ ಹೋದರೆ ದುಡ್ಡು. ಈ ವಯಸ್ಸಿಗೆ ಬಸ್ಸೇ ಊರು ನೋಡೋದು. ಜನ ಕಡಿಮೆ ಇರೋ ಹನ್ನೊಂದು ಗಂಟೆ ಹೊತ್ತಿಗೆ, ಬಸ್ಸು ಹೊರಡೋ ಮೊದಲ ಸ್ಟಾಪಿನಲ್ಲಿ ಹತ್ತಿ, ಕಿಟಕಿ ಪಕ್ಕ ಕೂತು, ಕೊನೇ ಸ್ಟಾಪಿನಲ್ಲಿ ಇಳಿದು ಅದೇ ನಂಬರಿನ ಬಸ್ಸಲ್ಲಿ ವಾಪಸ್ ಬನ್ನಿ. ಒಟ್ಟು ಒಂದೂವರೆ ಗಂಟೆ ದಾಟದ ರೂಟ್ ಆರಿಸಿ, ದಾಟಿದರೆ ಚಿಕ್ಕದು ತೊಡೆ ಮೇಲೆ ನಿಲ್ಲಲ್ಲ.

ಕಬ್ಬನ್ ಪಾರ್ಕಿಗೆ ಪ್ರವೇಶ ಶುಲ್ಕ ಇಲ್ಲ, ಭಾನುವಾರ ಒಳಗೆ ವಾಹನ ಬಿಡಲ್ಲ, ಹಾಗಾಗಿ ಓಡಾಡೋ ವಯಸ್ಸಿಗೆ ಆ ದಿನವೇ ಒಳ್ಳೇದು. ಲಾಲ್‌ಬಾಗ್ 240 ಎಕರೆ, ಪೂರ್ತಿ ನೋಡೋ ಹುಚ್ಚಿಗೆ ಹೋಗಬೇಡಿ. ಗಡಿಗೋಪುರ ಇರೋ ಬಂಡೆ ಒಂದು ಸಾಕು. ಸುಮಾರು 300 ಕೋಟಿ ವರ್ಷದ ಬಂಡೆ ಅಂತ ನಿಮಗೆ ಸೋಜಿಗ, ಹತ್ತಿ ಇಳಿಯೋಕೆ ಸಿಕ್ಕಿತು ಅಂತ ಮಕ್ಕಳಿಗೆ. ಬೆಳಗ್ಗೆ ಎಂಟರೊಳಗೆ ಹೋಗಿ, ಆಮೇಲೆ ಕಲ್ಲು ಕಾಯುತ್ತೆ. ಮಳೆ ಬಂದ ದಿನ ಪಾಚಿಗೆ ಜಾರುತ್ತೆ.

ರೈಲ್ವೆ ಸ್ಟೇಷನ್ ಪ್ಲಾಟ್‌ಫಾರ್ಮ್ ಟಿಕೆಟ್ ಹತ್ತು ರೂಪಾಯಿ, ಎರಡು ಗಂಟೆ ನಡೆಯುತ್ತೆ. ದೊಡ್ಡ ಸ್ಟೇಷನ್ನಿನ ಗದ್ದಲ ಬೇಡ, ಸಣ್ಣ ಸ್ಟೇಷನ್ನಿನಲ್ಲಿ ಹಳಿಯಿಂದ ದೂರದ ಬೆಂಚಲ್ಲಿ ಕೂರಿ. ರೈಲು ಪೂರ್ತಿ ನಿಲ್ಲೋವರೆಗೂ ಚಿಕ್ಕದು ತೋಳಿನಲ್ಲಿ, ದೊಡ್ಡದರ ಕೈ ನಿಮ್ಮ ಕೈಯಲ್ಲಿ. ಐದು ವರ್ಷದೊಳಗೆ ಸೀಟು ಕೇಳದಿದ್ದರೆ ರೈಲಲ್ಲೂ ಟಿಕೆಟ್ ಬೇಡ. ಒಂದು ದಿನ ಮೈಸೂರು ಲೈನಿನ ಪ್ಯಾಸೆಂಜರಿನಲ್ಲಿ ಚನ್ನಪಟ್ಟಣಕ್ಕೆ ಹೋಗಿಬರಬಹುದು. 500ರಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾದ ಆಟಿಕೆ ಅಂದರೆ ಅಲ್ಲಿಯ ಬುಗುರಿ, ಉಂಗುರ ಏರಿಸೋ ಕಂಬ, ಎಳೆಯೋ ಗಾಡಿ. ಹಾಲೆ ಮರ, ಅರಗಿನ ಬಣ್ಣ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ತರಬೇಡಿ. ಗಾಡಿಯ ಗೂಟ, ಚಕ್ರ ಎಳೆದು ನೋಡಿ, ಸಡಿಲ ಇದ್ದರೆ ಇಬ್ಬನಿ ಅವರ ಕೊಳವೆಗೆ ಇಳಿಯುತ್ತೆ. ಪ್ಲಾಸ್ಟಿಕ್ ಆಟಿಕೆಗೆ 2021ರ ಜನವರಿಯಿಂದ ಐಎಸ್ಐ ಗುರುತು ಕಡ್ಡಾಯ, ಜಾತ್ರೆ ಸಾಮಾನಿನಲ್ಲಿ ಅದು ಇರಲ್ಲ.

ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳು ಉಚಿತ, ಇಳಿಸಿಕೊಂಡು ಮುದ್ರಿಸೋಕೂ ಅನುಮತಿ ಇದೆ. ಮೊದಲ ಹಂತದ ಕಥೆಗಳೇ ಸಾಕು, ಪುಟಕ್ಕೆ ಒಂದೆರಡು ಸಾಲು. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪುಬಿಳುಪು ಪ್ರಿಂಟ್ ತೆಗೆಸಿ, ರಟ್ಟಿಗೆ ಮೈದಾ ಅಂಟಿನಿಂದ ಹಚ್ಚಿ, ದಾರದಲ್ಲಿ ಹೊಲಿಯಿರಿ. ಸ್ಟೇಪ್ಲರ್ ಪಿನ್ನು ಬೇಡ. ದೊಡ್ಡದಕ್ಕೆ ಮೂರು ತುಂಬಿರೋದರಿಂದ ಹತ್ತಿರದ ಅಂಗನವಾಡಿಗೂ ಹೋಗಿ ವಿಚಾರಿಸಿ. ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ ಉಚಿತ, ಬೆಳಗಿನ ಹೊತ್ತು ನಿಮ್ಮ ಹತ್ತಿರ ಒಂದೇ ಮಗು ಇರುತ್ತೆ.

---

ಇಬ್ಬನಿ:

"ದೊಡ್ಡವರಿಗೂ ಖುಷಿ" ಅನ್ನೋದು ಯಾರ ಉತ್ತರದಲ್ಲೂ ಸರಿಯಾಗಿ ಬಂದಿಲ್ಲ. ಮಧ್ಯಾಹ್ನ ಒಂದು ಗಂಟೆ ಸಿಗದೆ ಅದು ಬರಲ್ಲ. 18 ತಿಂಗಳಿಗೆ ಸಾಮಾನ್ಯವಾಗಿ ಹಗಲಿನ ನಿದ್ದೆ ಒಂದಕ್ಕೆ ಇಳಿದಿರುತ್ತೆ, ಹನ್ನೆರಡಕ್ಕೆ ಊಟ ಮಾಡಿಸಿ ಹನ್ನೆರಡೂವರೆಗೆ ಮಲಗಿಸಿ. ಮೂರು ವರ್ಷದ್ದು ನಿದ್ದೆ ಮಾಡದಿದ್ದರೆ ಮಲಗು ಅಂತ ಜಗ್ಗಾಡಬೇಡಿ, ಅದಕ್ಕೊಂದು ಮಧ್ಯಾಹ್ನದ ಡಬ್ಬಿ ಮಾಡಿ: ನಾಲ್ಕು ಕ್ರೇಯಾನು, ಹಳೇ ಕ್ಯಾಲೆಂಡರಿನ ಹಾಳೆ, ರಟ್ಟಿನ ಪುಸ್ತಕ ಎರಡು, ಆಟದ ಹಿಟ್ಟು, ಹತ್ತು ಬಟ್ಟೆ ಕ್ಲಿಪ್ಪು, ಒಂದು ರಟ್ಟು. ಸ್ಪ್ರಿಂಗ್ ಇಲ್ಲದ ಕ್ಲಿಪ್ಪು ನೋಡಿ, ಇದ್ದರೆ ಬೆರಳು ಸಿಕ್ಕಿಕೊಳ್ಳುತ್ತೆ. ಚಾಪೆ ಹಾಸಿ ಅದರ ಮೇಲೆ ಕೂರಿಸಿ, ನೀವು ಕಾಣುವಷ್ಟು ದೂರದಲ್ಲಿ ಕಾಲು ಚಾಚಿ. ಮೊದಲ ದಿನ ಹತ್ತೇ ನಿಮಿಷ, ಫೋನಿನ ಅಲಾರಂ ಬಡಿದ ಕೂಡಲೇ ನೀವು ಎದ್ದು ಬಿಡಬೇಕು, ಹೇಳಿದ ಹೊತ್ತಿಗೆ ಅಮ್ಮ ಬಂದಳು ಅನ್ನೋ ನಂಬಿಕೆ ಮಗುವಿಗೆ ಹುಟ್ಟಲಿ. ಮೂರು ದಿನಕ್ಕೊಮ್ಮೆ ಐದು ನಿಮಿಷ ಏರಿಸುತ್ತಾ ಹೋದರೆ ಮೂರು ವಾರಕ್ಕೆ ಮುಕ್ಕಾಲು ಗಂಟೆವರೆಗೂ ಹೋಗಬಹುದು. ನಡುವೆ ಎದ್ದು ಬಂದರೆ ಬಯ್ಯದೆ ವಾಪಸ್ ಕೂರಿಸಿ, ಹೊಸ ಮಾತು ತೆಗೆಯಬೇಡಿ. ಮತ್ತೆ ಆ ಡಬ್ಬಿಯನ್ನ ಬೇರೆ ಹೊತ್ತಲ್ಲಿ ಎಷ್ಟು ಗೋಗರೆದರೂ ಇಳಿಸಬೇಡಿ, ಇಳಿಸಿದರೆ ಮೂರೇ ದಿನಕ್ಕೆ ಅದರ ಮೇಲಿನ ಆಸೆ ಹೋಗುತ್ತೆ.